ಪಾಠ ಮಾಡದ ಟೀಚರಮ್ಮ

ನಮ್ಮ ಅತ್ತೆಯಷ್ಟು ಸೋಮಾರಿ ಟೀಚರ್ ತಮಿಳು ಸೀಮೆಯ ನಮ್ಮ ಇಡೀ ಸೋಮನೂರಿನಲ್ಲೇ ಇರಲಿಲ್ಲ. ಇದು ನನ್ನ ಮಾತಲ್ಲ, ಅವರಿಗೆ ಸಂಬಳ ಕೊಡುತ್ತಿದ್ದವರ ಮಾತು!

ಅಪ್ಪನ ತಂಗಿಯಾದ ಈ ಅತ್ತೆ, ಊರಿಗೆ ಮೊಬೈಲು ಬಂದ ಹೊಸತರಲ್ಲಿ, ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಅಂದರೆ ತಪ್ಪಾದೀತು. ಮಕ್ಕಳೇ ಮನೆಯಲ್ಲಿ ಪಾಠ ಓದಿ, ಅದರ ನಕ್ಷೆ ಬರೆದು ತರಬೇಕು. ನಡುವೆ ಒಂದು ಪದ, ಸುತ್ತ ಹತ್ತಾರು ಪದ, ಒಂದರಿಂದ ಇನ್ನೊಂದಕ್ಕೆ ಬಾಣ. ಬಾಣದ ಮೇಲೆ ಆ ಎರಡಕ್ಕೂ ಏನು ಸಂಬಂಧ ಅಂತ ಬರೆದಿರಬೇಕು. ತರಗತಿಯಲ್ಲಿ ಅತ್ತೆಗೆ ಒಂದೇ ಕೆಲಸ, ಜಗಳ ಹಚ್ಚುವುದು. "ಇವಳ ಬಾಣ ಸರಿಯಾ, ನಿಂದು ಸರಿಯಾ?"

ಮನೆಯಲ್ಲಾದರೂ ಬಿಡಬೇಕಲ್ಲ! ಅಕ್ಕನನ್ನು ನೋಡಲು ಕರುಮತ್ತಂಪಟ್ಟಿಯಿಂದ ಗಂಡಿನ ಕಡೆಯವರು ಬರುವ ದಿನ, ಅವರ ಬಂಧುಬಳಗವನ್ನೆಲ್ಲ ಅಡುಗೆಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಏರಿಸಿದರು. ಗಂಡಿನ ಅಪ್ಪನಿಂದ ದೊಡ್ಡಪ್ಪನಿಗೆ ಹೋದ ಬಾಣದ ಮೇಲೆ ತಮಿಳಿನಲ್ಲಿ 'ಮಾತು ಬಿಟ್ಟಿದ್ದಾರೆ' ಎಂದಿತ್ತು. ಆ ದೊಡ್ಡಪ್ಪ ಕೈ ತೊಳೆಯಲು ಅಲ್ಲಿಗೇ ಬರಬೇಕೆ! ಸಂಬಂಧ ಮುರಿಯಿತು. ಅತ್ತೆ ಮಾತ್ರ, "ಬಾಣ ತಪ್ಪಿರ್ಲಿಲ್ಲ ತಾನೆ?" ಎಂದರು.

ಮನೆಯಲ್ಲಿ ನಾವು ನಕ್ಕು ಬಿಟ್ಟೆವು, ಶಾಲೆಯಲ್ಲಿ ಈ ಬಾಣಗಳಿಗೆ ಯಾರಿಗೂ ನಗು ಬರಲಿಲ್ಲ. ಹಗಲಿಡೀ ಮಗ್ಗದ ಮುಂದೆ ನಿಂತು ಫೀಸು ಕಟ್ಟುವ ಪೋಷಕರು ಗುಂಪಾಗಿ ಬಂದರು. "ಟೀಚರಮ್ಮ ಸುಮ್ನೆ ಕೂತಿರ್ತಾರೆ, ನಮ್ಮ ಪಿಳ್ಳೆಗಳೇ ಪಾಡ ಮಾಡ್ಕೋಬೇಕಾ?"

ಅದೇ ಹೊತ್ತಿಗೆ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಏನು ಕೇಳಿದರೂ ಮಕ್ಕಳು ಪಟಪಟನೆ ಹೇಳಿದರು. ಅವರಿಗೋ ಖುಷಿ! "ಇಷ್ಟು ಚೆನ್ನಾಗಿ ಯಾರು ಕಲಿಸಿದ್ದು?" ನಮ್ಮ ಬೀದಿಯ ನೇಕಾರರ ಹುಡುಗಿ, ತರಗತಿಗೇ ಜಾಣೆ, ಹೆಮ್ಮೆಯಿಂದ ಎದ್ದಳು. "ಟೀಚರ್ ಒಣ್ಣುಮೇ ಸೊಲ್ಲಿತ್ತರಲೆ ಸಾರ್!" ಟೀಚರ್ ಏನೂ ಹೇಳಿಕೊಡಲೇ ಇಲ್ಲವಂತೆ, ಎಲ್ಲ ತಾವೇ ಓದಿದ್ದಂತೆ!

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ಆ ತಿಂಗಳೇ ಅತ್ತೆಯ ಕೆಲಸ ಹೋಯಿತು. ಹೊಸದಾಗಿ ಬಂದವರು ಗೈಡ್ ನೋಡಿ ಗಂಟೆಗಟ್ಟಲೆ ಬರೆಸಿದರು. ಮಕ್ಕಳಿಗೆ ಏನೂ ತಿಳಿಯಲಿಲ್ಲ, ಪೋಷಕರಿಗೆ ಪರಮ ತೃಪ್ತಿ!

ಒಂದು ಸಂಜೆ ಆ ಹುಡುಗಿ ಅಳುತ್ತಾ ನಮ್ಮ ಮನೆಗೆ ಬಂದಳು. "ನನ್ನಿಂದ್ಲೇ ಟೀಚರ್, ನಾನು ಹಂಗೆ ಹೇಳ್ದಿದ್ರೆ..."

"ನಿಜ ತಾನೆ ಹೇಳ್ದೆ, ನನ್ ಕಣ್ಣು? ಇನ್ಮೇಲೂ ಯಾರು ಕೇಳಿದ್ರೂ ಹಂಗೇ ಹೇಳು."

ಅತ್ತೆ ಅವಳನ್ನು ಮುಂದೆ ಕೂರಿಸಿಕೊಂಡು, ಕೆದರಿದ ಜಡೆ ಬಿಚ್ಚಿ, ಎಣ್ಣೆ ಹಚ್ಚಿ ಮತ್ತೆ ಹೆಣೆಯತೊಡಗಿದರು. ಹುಡುಗಿಯ ಅಳು ನಿಂತಿತು. ಹಿಂದೆ ಕೂತಿದ್ದ ಅತ್ತೆಯದು ಆಗಷ್ಟೇ ಶುರುವಾಗಿತ್ತು, ಅವಳಿಗೆ ಕೇಳಿಸದ ಹಾಗೆ.