ಮುಲ್ಕಿ ವೇಷದ ಬಿ.ಎ.

ಹಿಂದೆ ರಾಜಕುಮಾರರು ಕಟ್ಟಿಗೆ ಕಡಿಯುವವರ ವೇಷ ಹಾಕಿ ಪರನಾಡಿಗೆ ಹೋಗುತ್ತಿದ್ದರಂತೆ. ಆ ಕಾಲ ಮುಗಿದು, ಗೋಕಾಕ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ದಿನಗಳಲ್ಲಿ ಅಂಕಲಗಿಯ ರಾಚಪ್ಪನೂ ವೇಷ ಹಾಕಿದ. ಬಿ.ಎ. ಅಂದರೆ ಸಾಕು, "ಇಷ್ಟ ಕಲತಾಂವ ನಮ್ಮಲ್ಲಿ ಎಲ್ಲಿ ನಿಂದರತಾನ?" ಎಂದು ಅಂಗಡಿಯವರು ಕೈಮುಗಿದು ಕಳಿಸುತ್ತಿದ್ದರು. ಕೊನೆಗೆ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯಷ್ಟೇ ಪಾಸಾಗಿದ್ದೇನೆಂದು ಹೇಳಿ, ಗೋಕಾಕ ಪೇಟೆಯ ದುಂಡಪ್ಪ ಸಾವಕಾರರ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತನಾದ. ಪಗಾರವೂ ಮುಲ್ಕಿಯದೇ. ಗುಟ್ಟು ಹೊರಬಿದ್ದರೆ ಅದೂ ಇಲ್ಲ.

ಅವ್ವ ಕಾಶೆವ್ವನಿಗೆ ಇದೇನೂ ಗೊತ್ತಿಲ್ಲ. ಮಗ ಪದವಿಯ ಕರಿ ನಿಲುವಂಗಿ, ಚೌಕ ಟೊಪ್ಪಿಗೆ ತೊಟ್ಟು ತೆಗೆಸಿದ ಫೋಟೋ ಗೋಡೆಯ ಮೇಲೆ ಬರಬೇಕು, ಅಷ್ಟೇ.

"ಇವತ್ತರೆ ಆ ಫೋಟೋಕ್ಕ ಗಾಜಿನ ಕಟ್ಟ ಹಾಕಿಸಿಕೊಂಡ ಬಾ. ಓಣಿ ಮಂದಿನ್ನೆಲ್ಲಾ ಚಾಕ್ಕ ಕರದೇನಿ."

"ತರತೀನಿ ಬೇ," ಎಂದು ರಾಚಪ್ಪ ಮಾತು ಕೊಟ್ಟ.

ಬೆಳಿಗ್ಗೆಯೇ ಕಟ್ಟು ಹಾಕಿಸಿದ ಫೋಟೋ ತಂದು, ಗೋಣಿತಾಟಿನಲ್ಲಿ ಸುತ್ತಿ, ಅಂಗಡಿಯಲ್ಲಿ ಹಾಗೆಯೇ ತಾಟು ಸುತ್ತಿಟ್ಟ ಬೆಲ್ಲದ ದಪ್ಪ ಉಂಡೆಗಳ, ಪೆಂಟಿಗಳ, ಹಿಂದೆ ಅಡಗಿಸಿದ. ಆಗಿನ ಪೇಟೆಯೇ ಹಾಗೆ, ಹೊಸ ಬೆಲ್ಲದ ವಾಸನೆ, ಚಕ್ಕಡಿ ಎತ್ತುಗಳ ಗೆಜ್ಜೆ. ಆ ಗದ್ದಲದಲ್ಲಿ ಆನೆ ಬಚ್ಚಿಟ್ಟರೂ ಸಿಗುತ್ತಿರಲಿಲ್ಲ. ಫೋಟೋ ಸಿಕ್ಕಿತು. ತಕ್ಕಡಿ ಹಿಡಿಯುವ ಪರಪ್ಪ, ಮೂಡಲಗಿಯಿಂದ ಮದುವೆಯ ಬೆಲ್ಲಕ್ಕೆ ಬಂದಿದ್ದ ಸಾವಂತ್ರೆವ್ವನಿಗೆ ಪೆಂಟಿಗಳ ಜೊತೆ ಅದನ್ನೂ ತೂಗಿಬಿಟ್ಟ.

ಆಕೆ ತಾಟು ಬಿಚ್ಚಿದಳು. "ಅಯ್ಯ ಶಿವನ! ತಲಿಮ್ಯಾಲ ಬರಿಯೋ ಪಾಟಿ ಹೊತ್ತಾನಲ್ಲ, ಇಂವ ಯಾರ್ರಿ?"

ಅಂಗಡಿ ನೆರೆಯಿತು. ರಾಚಪ್ಪನ ಬಾಯಿ ಹಸಿ ಬೆಲ್ಲ ತಿಂದಂತೆ ಅಂಟಿಕೊಂಡಿತು. "ನಮ್ಮ... ಅಣ್ಣಾರಿ."

"ಗಲ್ಲದ ಮ್ಯಾಲಿನ ಮಚ್ಚಿನೂ ನಿಂದ ಐತ್ಯಲ್ಲೋ!" ಎಂದ ಪರಪ್ಪ.

"ಅವಳಿ ಜವಳಿ ನಾವು."

ಗಾದಿಯ ಮೇಲಿನಿಂದ ಸಾವಕಾರರು ಬಗ್ಗಿ ನೋಡಿದರು. "ಚಲೋ ಆತು. ಮುಂಬೈ ವ್ಯಾಪಾರಿಗಳ ಕೂಡ ಇಂಗ್ಲೀಷಿನ್ಯಾಗ ಮಾತಾಡಾಕ ಒಬ್ಬ ಬಿ.ಎ. ಬೇಕಾಗ್ಯಾನ. ದುಪ್ಪಟ್ಟ ಪಗಾರ. ನಿಮ್ಮ ಅಣ್ಣನ್ನ ಕರಕೊಂಡ ಬಾ."

ದುಪ್ಪಟ್ಟು! ರಾಚಪ್ಪನ ವೇಷ ಕಳಚಿಬಿತ್ತು. "ಅಂವ ನಾನ ಅದೇನ್ರಿ, ಸಾವಕಾರ್ರ!"

ಸಾವಕಾರರು ರುಮಾಲು ಜಾರುವಂತೆ ನಕ್ಕರು. "ಬಂದ ವಾರದಾಗ ಗೊತ್ತಾಗಿತ್ತಪಾ. ಮಂದಿ ಭಜಿ ತಿಂದ ಕಾಗದಾ ಒಗೀತಾರ. ನೀ ಆ ಎಣ್ಣಿ ಕಾಗದದಾಗಿನ ಇಂಗ್ಲೀಷ ಓದಕೋತ ನಗತಿದ್ದಿ."

"ಮತ್ತ... ದುಪ್ಪಟ್ಟ ಪಗಾರ್ರೀ?"

"ನಿಮ್ಮ ಅಣ್ಣ ಬಂದ್ರ ಕೊಡತೇನಿ. ಬಿ.ಎ. ಬೇಕಂದ್ರ ಪಗಾರ ಬಾಳ ಕೇಳತಾರ. ಮುಲ್ಕಿ ಬೇಕಂದ್ರ, ಬಿ.ಎ. ತಾನ ಬಂದ ಬೀಳತಾನ. ಮುಂಬೈ ಮಂದಿ ನಾಳೆ ಬರತಾರ, ನೀನ ಮಾತಾಡು."

ಪರಪ್ಪ ತಕ್ಕಡಿಯ ಮುಳ್ಳನ್ನೇ ನೋಡುತ್ತ ಮೆಲ್ಲಗೆ ಅಂದ: "ನಂದ ಬಿ.ಎಸ್ಸಿ., ರಾಚಪ್ಪ."

ಸಂಜೆ ಅಂಕಲಗಿಯ ಮನೆಯಲ್ಲಿ ಓಣಿಯೇ ಸೇರಿತ್ತು.

"ಸಾವಕಾರ್ರಿಗೆ ಫೋಟೋ ತೋರಿಸಿದೇನೋ? ಏನಂದ್ರು?" ಎಂದಳು ಕಾಶೆವ್ವ.

"ಮೊದಲ ಗೊತ್ತಿತ್ತಂತ ಬೇ."

"ಗೊತ್ತಾಗಲಾರದೇನ! ನನ್ನ ಮಗನ ಮುಖದಾಗ ಕಾಣತೈತಿ!"

ರಾಚಪ್ಪ ಗಾಜಿಗೆ ಹತ್ತಿದ ಬೆಲ್ಲ ಒರೆಸಿ, ಮೊಳೆ ಹೊಡೆದು, ಮಾತು ಕೊಟ್ಟಂತೆ ಫೋಟೋ ತೂಗುಹಾಕಿದ. ಅಷ್ಟರಲ್ಲಿ ಒಂದು ಇರುವೆ ಗೋಡೆ ಹತ್ತಿ, ಆ ಪಾಟಿ ಟೊಪ್ಪಿಗೆಯತ್ತ ಹೊರಟೇಬಿಟ್ಟಿತ್ತು.