ಆಳಂದದ ವಾಲ್ವು, ಅಫಜಲಪುರದ ವಾಲ್ವು

ಪ್ರತಿಯೊಬ್ಬರಿಗೂ ತಮ್ಮ ದೇಹದ ಯಾವುದಾದರೊಂದು ಭಾಗದ ಮೇಲೆ ಗುಟ್ಟಾದ ಜಂಬ ಇದ್ದೇ ಇರುತ್ತದೆಂದು ನನ್ನ ಅನುಮಾನ. ಕೆಲವರಿಗೆ ಜಡೆ, ಕೆಲವರಿಗೆ ಮೂಗು. ನಮ್ಮ ಯಜಮಾನರಿಗೆ ತಮ್ಮ ಹೊಟ್ಟೆಯ ಮೇಲೆ; ಅದು ಕಲ್ಲು ತಿಂದರೂ ಕರಗಿಸುತ್ತದಂತೆ. ನನಗೆ ನನ್ನ ಕಿವಿಗಳ ಮೇಲೆ. ನೋಡುವುದಕ್ಕೆ ಅವು ಸಾಧಾರಣ ಕಿವಿಗಳೇ. ನಾನು ಹೇಳುತ್ತಿರುವುದು ಅವುಗಳ ಒಳಗಿನ ಹೆಚ್ಚುಗಾರಿಕೆ. ಗುಲಬರ್ಗಾದ ಕಾನ್ವೆಂಟಿನಲ್ಲಿ ಓದುವಾಗ ಸಂಗೀತ ಕಲಿಸುವ ಸಿಸ್ಟರ್ ನಮ್ಮನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಪಿಯಾನೋದ ಎರಡು ಸ್ವರದ ಮನೆಗಳನ್ನು ಒಂದಾದ ಮೇಲೊಂದು ಒತ್ತಿ, ಯಾವುದು ಮೇಲಿನದು ಎಂದು ಕೇಳುತ್ತಿದ್ದರು. ನಾನು ತಪ್ಪಿದ್ದೇ ನೆನಪಿಲ್ಲ. ಈಗಲೂ ಸಾಸಿವೆ ಸಿಡಿಯುವ ಸದ್ದಿನ ಮೇಲೆ ಎಣ್ಣೆ ಎಷ್ಟು ಕಾದಿದೆಯೆಂದು ಹೇಳಬಲ್ಲೆ. ಜೇವರ್ಗಿಯ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಹೋಗುವ ಲಾರಿ ಬಿಜಾಪುರದ ಕಡೆಗೆ ತೊಗರಿ ತುಂಬಿಕೊಂಡು ಹೊರಟಿದೆಯೋ, ಖಾಲಿ ಹೊರಟಿದೆಯೋ ಎಂಬುದನ್ನು ಒಲೆಯ ಮುಂದೆ ಕೂತೇ ಹೇಳಬಲ್ಲೆ. ಯಾರೂ ಕೇಳಿಲ್ಲ, ಅದು ಬೇರೆ ಮಾತು.

ಇಂಥವಳನ್ನು ದೇವರು ಕಿವಿ ಮಂದವಾದ ಅತ್ತೆಯ ಕೈಗೆ ಒಪ್ಪಿಸಿದ. ನಾನು ಮದುವೆಯಾಗಿ ಬಂದಾಗ ಅತ್ತೆಯವರಿಗೆ ಕೂಗಿದರೆ ಕೇಳುತ್ತಿತ್ತು. ನಾಲ್ಕೈದು ವರ್ಷಗಳಲ್ಲಿ ಕೂಗಿದವರ ಗಂಟಲು ಸೋಲುತ್ತಿತ್ತೇ ಹೊರತು ಅವರಿಗೆ ಕೇಳುತ್ತಿರಲಿಲ್ಲ; ಕಿವಿಗೇ ಬಾಯಿಟ್ಟು ಕೂಗಿದರಷ್ಟೇ ನಾಲ್ಕು ಮಾತು ದಾಟುತ್ತಿತ್ತು. ನಮ್ಮ ಪಡಸಾಲೆಯಲ್ಲಿ ಮಾವನವರ ಕಾಲದ ಒಂದು ದೊಡ್ಡ ವಾಲ್ವ್ ರೇಡಿಯೋ ಇತ್ತು. ಅದನ್ನು ಅವರಿಗೆ ಕೇಳುವಷ್ಟು ಜೋರು ಮಾಡಿದರೆ ಇಡೀ ಓಣಿಗೆ ಬೆಳಗಾಗುತ್ತಿತ್ತು. ಕೊನೆಗೆ ನಮ್ಮವರು ರೇಡಿಯೋ ರಿಪೇರಿಯ ಮೆಹಬೂಬಸಾಬರ ಹತ್ತಿರ ಹೋಗಿ ಒಂದು ಉಪಾಯ ಮಾಡಿಸಿಕೊಂಡು ಬಂದರು. ಅದೊಂದು ತಗಡಿನ ಡಬ್ಬಿ. ಅದರ ನೆತ್ತಿಯ ಮೇಲೆ ಸಣ್ಣ ಬಲ್ಬಿನಂಥ ಗಾಜಿನ ಒಂದು ವಾಲ್ವು. ಡಬ್ಬಿಯ ಒಂದು ವಾಯರು ರೇಡಿಯೋಕ್ಕೆ, ಇನ್ನೊಂದು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೆ. ಹೆಡ್‌ಫೋನು ಹೈದರಾಬಾದಿನ ಗುಜರಿಯಲ್ಲಿ ಸಿಕ್ಕಿದ್ದು. ಯಾವುದೋ ಕಾಲದ ಯಾವುದೋ ಸಿಪಾಯಿಯ ತಲೆಯ ಮೇಲೆ ಕೂತಿದ್ದದ್ದು ಈಗ ನಮ್ಮ ಅತ್ತೆಯವರ ಇಳಕಲ್ ಸೆರಗಿನ ಮೇಲೆ ಕೂತಿತು. ರೇಡಿಯೋದ ಬಾಯಿ ಮುಚ್ಚಿತು, ಅತ್ತೆಯವರ ಕಿವಿ ತೆರೆಯಿತು.

ವಾಲ್ವು ಎಂಬುದು ಗುಂಡಿ ತಿರುಗಿಸಿದ ಕೂಡಲೇ ಮಾತಾಡುವ ವಸ್ತುವಲ್ಲ. ಮೊದಲು ಅದರ ಹೊಟ್ಟೆಯೊಳಗೆ ಊದುಬತ್ತಿಯ ತುದಿಯಷ್ಟು ಕೆಂಪು ಕಾಣುತ್ತದೆ, ಆಮೇಲೆ ಬಿಸಿಯಾದ ಧೂಳಿನ ವಾಸನೆ ಬರುತ್ತದೆ, ಆಮೇಲೆ ದನಿ. ಅತ್ತೆಯವರು ಅದನ್ನು ದೀಪ ಎಂದೇ ಕರೆಯುತ್ತಿದ್ದರು. ಲಿಂಗಪೂಜೆ ಮುಗಿಸಿ ಬಂದು, ಹಣೆಯ ವಿಭೂತಿ ಆರುವ ಮೊದಲೇ ದೀಪ ಹಚ್ಚಿ, ಅದು ಕೆಂಪಾಗುವ ತನಕ ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದರು, ಯಾರೋ ಬರುವವರಿದ್ದಾರೆ ಎಂಬಂತೆ. ಬೆಳಗಿನ ವಚನ, ವಾರ್ತೆ, ಹವಾಮಾನ, ರೈತರ ಕಾರ್ಯಕ್ರಮ ಎಲ್ಲ ಕೇಳಿ ಹೊರಗಿನ ಕಟ್ಟೆಗೆ ಬಂದು ಕೂತರೆ ಪಕ್ಕದ ಮನೆಯ ಶಾಂತಾಬಾಯಿ ಮೊದಲಾಗಿ ಓಣಿಯ ಹೆಂಗಸರು ಬಂದು ಕೇಳುತ್ತಿದ್ದರು: "ಏನ್ ಅಂದ್ರು ಇವತ್ತ, ಮಳಿ ಅದ ಏನು?" ಟ್ರಾನ್ಸಿಸ್ಟರು ಅವರ ಮನೆಗಳಲ್ಲೂ ಇದ್ದವು. ಆದರೆ ರೊಟ್ಟಿ ಬಡಿಯುತ್ತ ಅರ್ಧ ಕೇಳಿದ ವಾರ್ತೆಗೂ ತಲೆಗೆ ಕಟ್ಟಿಕೊಂಡು ಕೇಳಿದ ವಾರ್ತೆಗೂ ವ್ಯತ್ಯಾಸವಿದೆ. ಕಿವಿ ಕೇಳದ ಮುದುಕಿ ಓಣಿಗೆಲ್ಲ ಸುದ್ದಿ ಹೇಳುವವಳಾದದ್ದು ಹೀಗೆ.

ಒಂದು ದಿನ ಬೇಸಿಗೆಯ ಆರಂಭದಲ್ಲಿ ವಾಲ್ವು ಉರಿಯಲಿಲ್ಲ. ಅತ್ತೆಯವರು ಬಹಳ ಹೊತ್ತು ಕಾದರು. "ಆಕಾಶವಾಣಿಯವರಿಗಿ ಇನ್ನಾ ಎಚ್ಚರ ಆಗಿಲ್ಲೇನು" ಎಂದರು. ಎರಡನೆಯ ದಿನ ಕಟ್ಟೆಗೆ ಹೋದರು, ಆದರೆ ಶಾಂತಾಬಾಯಿ ಕೇಳಿದ್ದಕ್ಕೆ ಸುಮ್ಮನೆ ನಕ್ಕರು. ಮೂರನೆಯ ದಿನ ಕಟ್ಟೆಗೇ ಹೋಗಲಿಲ್ಲ. ಒಳಗೆ ಗೋಡೆಗೆ ಆತು ಕೂತು, ಯಾರು ಏನು ಹೇಳಿದರೂ ಹೂಂ ಎನ್ನುವುದಕ್ಕೆ ಶುರುಮಾಡಿದರು. "ಊಟಾ ಮಾಡ್ರಿ" ಎಂದರೂ ಹೂಂ, "ಊಟ ಆತೇನ್ರಿ" ಎಂದರೂ ಹೂಂ. ಹೀಗೇ ಬಿಟ್ಟರೆ ಈ ಹೂಂನೊಳಗೇ ಅವರು ಇಳಿದುಹೋಗಿಬಿಡುತ್ತಾರೆಂದು ನನಗೆ ಭಯವಾಯಿತು. ವಾಲ್ವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಾನೇ ಮೆಹಬೂಬಸಾಬರ ಅಂಗಡಿಗೆ ಹೋದೆ.

ಮೆಹಬೂಬಸಾಬರು ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆಯಲ್ಲಾಡಿಸಿದರು. "ಇದರದು ಖತಂ ಆತ್ರಿ ಅಕ್ಕಾರ. ಹೊಸಾದು ಈಗ ಎಲ್ಲೂ ಸಿಗಂಗಿಲ್ಲ. ನನ್ ಕಡಿ ಹಳೀವು ಎರಡು ಅವ. ಇದು ಆಳಂದದಾಗ ಒಂದು ವಾಡೆದಾಗಿನ ರೇಡಿಯೋದ್ದು. ಇದು ಅಫಜಲಪುರದ ಬಸ್‌ಸ್ಟ್ಯಾಂಡ್ ಮುಂದ ಒಂದು ಚಹಾದ ಹೋಟೆಲ್ ಇತ್ತಲ್ರಿ, ಅದರದು. ನಂಬರ್ ಒಂದೇ, ಆವಾಜ್ ಬ್ಯಾರೆ ಬ್ಯಾರೆ."

"ಯಾವುದು ಛಲೋರಿ?" ಎಂದೆ.

"ಅದು ಕೇಳವ್ರ ಕಿವಿ ಮ್ಯಾಲ ಅದರಿ. ಎರಡೂ ಒಯ್ರಿ. ಅಮ್ಮಾರಿಗಿ ಹಚ್ಚಿ ಕೇಳಸ್ರಿ. ಅವರಿಗಿ ಬ್ಯಾಡಾದ್ದು ವಾಪಸ್ ತರ್ರಿ." ಗುಂಡಿ ಆರಿಸಿ, ವಾಯರು ಕಿತ್ತು, ಗಾಜು ತಣ್ಣಗಾದ ಮೇಲೆಯೇ ಮುಟ್ಟಬೇಕು, ವಾಲ್ವಿನ ತಂತಿಕಾಲುಗಳನ್ನು ನೆಟ್ಟಗೆ ಇಳಿಸಬೇಕು ಎಂದು ಎರಡೆರಡು ಸಲ ಹೇಳಿಕೊಟ್ಟರು.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ನನ್ನ ತವರು ಆಳಂದ. ಅತ್ತೆಯವರ ತವರು ಅಫಜಲಪುರದ ಹತ್ತಿರದ ಒಂದು ಹಳ್ಳಿ, ಭೀಮೆಯ ದಂಡೆಗೆ. ನಾನು ಪಕ್ಷಪಾತ ಮಾಡಲಿಲ್ಲ. ಮಾಡಬಾರದೆಂದು ಎಷ್ಟು ಎಚ್ಚರ ವಹಿಸಿದೆನೆಂದರೆ, ಒಂದು ವಾಲ್ವಿನ ಬುಡಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿ, ಯಾವುದು ಯಾವ ಊರಿನದೆಂಬುದನ್ನು ಮರೆಯಲು ಯತ್ನಿಸಿದೆ. ಕೆಂಪು ಆಳಂದದ್ದು. ಮರೆಯಲಾಗಲಿಲ್ಲ. ಅತ್ತೆಯವರಿಗೆ ಕೇಳಿಸಿ ಆರಿಸುವ ವಿಚಾರವನ್ನು ಮಾತ್ರ ನಾನು ಕೂಡಲೇ ತಳ್ಳಿಹಾಕಿದೆ. ಕಿವಿಯೇ ಮಂದವಾದವರು ದನಿಯನ್ನು ಆರಿಸುವುದು ಹೇಗೆ? ಅದಕ್ಕೆ ತಿಳಿದ ಕಿವಿ ಬೇಕು. ಮನೆಯಲ್ಲಿ ಅಂಥದ್ದು ಒಂದೇ ಜೊತೆ ಇತ್ತು. ನಮ್ಮವರನ್ನು ಕೇಳಿದರೆ, "ಎರಡೂ ಉರಿತಾವಲ್ಲ, ಯಾವುದರೆ ಒಂದು ಹಚ್ಚಿ ಬಿಡು" ಎಂದರು. ಕಲ್ಲು ಕರಗಿಸುವ ಹೊಟ್ಟೆಯವರಿಂದ ಇನ್ನೇನು ನಿರೀಕ್ಷಿಸಬಹುದು.

ಮೂರು ಮಧ್ಯಾಹ್ನ ನಾನು ಪರೀಕ್ಷೆ ನಡೆಸಿದೆ. ಅತ್ತೆಯವರು ಒಳಗೆ ಅಡ್ಡಾಗಿರುತ್ತಿದ್ದರು. ಕಿಟಕಿಯ ಬೇವಿನ ನೆರಳು ನೆಲದ ಶಹಾಬಾದಿ ಕಲ್ಲಿನ ಮೇಲೆ ಅಲ್ಲಾಡುತ್ತಿತ್ತು. ಅಫಜಲಪುರದ ವಾಲ್ವನ್ನು ಮೊದಲು ಹಚ್ಚಿದೆ. ಅಬ್ಬ, ಆ ದನಿ ಚಹಾದ ಹೋಟೆಲಿನಲ್ಲಿ ವರ್ಷಗಟ್ಟಲೆ ಕಪ್ಪುಬಸಿಗಳ ಸದ್ದನ್ನೂ ಕಂಡಕ್ಟರುಗಳ ಕೂಗನ್ನೂ ಸೀಳಿಕೊಂಡು ಬಂದ ದನಿ. ಒಂದೊಂದು ಅಕ್ಷರವೂ ಸ್ಟೀಲಿನ ತಾಟು ಬಿದ್ದಂತೆ ಬೇರೆ ಬೇರೆಯಾಗಿ ಬೀಳುತ್ತಿತ್ತು. ಸುದ್ದಿ ಓದುವವಳ ಸಕಾರಗಳು ಸೂಜಿಯಂತೆ ಚುಚ್ಚುತ್ತಿದ್ದವು. ಅದನ್ನು ತೆಗೆದು, ಅರಿವೆಯಲ್ಲಿ ಹಿಡಿದು, ಆಳಂದದ್ದನ್ನು ಇಳಿಸಿದೆ. ಕೆಂಪಾಯಿತು. ಧೂಳಿನ ವಾಸನೆ ಬಂತು. ಆಮೇಲೆ ಹಾಲಿನ ಕೆನೆಯ ಕೆಳಗಿನಿಂದ ಬಂದಂತೆ ಒಂದು ದನಿ. ಆ ವಾಡೆಯ ದೊಡ್ಡ ಮನೆಯ ತಂಪಾದ ಪಡಸಾಲೆ, ರೇಡಿಯೋದ ಮೇಲೆ ಹೊದಿಸಿದ್ದಿರಬಹುದಾದ ಕ್ರೋಶಾದ ಅರಿವೆ, ಯಾರೂ ಗಟ್ಟಿಯಾಗಿ ಮಾತಾಡದ ಮಧ್ಯಾಹ್ನಗಳು ಎಲ್ಲ ಅದರಲ್ಲಿದ್ದವು. ಲಾರಿಗಳು ಎಲ್ಲೋ ದೂರ ನೀರಿನೊಳಗೆ ಹೋದಂತೆ ಹೋದವು. ನಾನು ಹತ್ತು ವರ್ಷದವಳಾಗಿ ಆಳಂದದ ಮಾಳಿಗೆಯ ಮೇಲೆ ಮಲಗಿದ್ದೆ. ಕೆಳಗೆ ಅವ್ವ ಯಾರ ಜೊತೆಗೋ ಮಾತಾಡುತ್ತಿದ್ದಳು. ಮಾತು ತಿಳಿಯುತ್ತಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಎಚ್ಚರವಾದಾಗ ರೇಡಿಯೋದಲ್ಲಿ ಏನು ಬಂದಿತ್ತೆಂದು ಒಂದು ಶಬ್ದವೂ ನೆನಪಿರಲಿಲ್ಲ. ಇದಕ್ಕಿಂತ ಇಂಪಿನ ಪುರಾವೆ ಬೇಕೆ? ಆಳಂದದ್ದೇ ಗೆದ್ದಿತು.

ಅತ್ತೆಯವರ ಕಿವಿಯ ಹತ್ತಿರ ಬಾಯಿಟ್ಟು, "ಆಳಂದದ್ದರಿ, ನಮ್ಮೂರಿಂದು. ಮೂರು ದಿನ ಕೂತು ಆರಿಸೀನಿ" ಎಂದು ಹೇಳಿ, ದೀಪ ಹಚ್ಚಿಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು. ನಿಧಾನವಾಗಿ ತಲೆದೂಗಿದರು. "ಭಾಳ ಛಲೋ ಅದ ಬೇ" ಎಂದರು. ನನ್ನ ಕಿವಿಗಳು ಬೆಚ್ಚಗಾದವು.

ಮರುದಿನದಿಂದ ಕಟ್ಟೆ ಮತ್ತೆ ತುಂಬಿತು. ಆದರೆ ಆ ದಿನಗಳ ಸುದ್ದಿಗಳಲ್ಲಿ ಏನೋ ಒಂದು ವಿಶೇಷವಿತ್ತು. ದೇಶದಲ್ಲಿ ಜಗಳಗಳೆಲ್ಲ ನಿಂತಿದ್ದವು. ಮಂತ್ರಿಗಳು ಆರೋಗ್ಯವಾಗಿದ್ದರು. ಭೀಮೆಗೆ ನೀರು ಬರುವುದಿತ್ತು. ಹವಾಮಾನ ದಿನಾ ಒಂದೇ, "ಬಿಸಿಲು ಅದ, ಮಳಿ ಇಲ್ಲ". ಇದನ್ನು ನಂಬಿ ಶಾಂತಾಬಾಯಿ ಒಂದು ಬೆಳಿಗ್ಗೆ ಮಾಳಿಗೆಯ ತುಂಬ ಸಂಡಿಗೆ ಹಾಕಿದರು. ಮಧ್ಯಾಹ್ನ ಗಾಳಿ ಎದ್ದು, ಆಲಿಕಲ್ಲಿನ ಸಮೇತ ಮಳೆ ಬಂದು, ಸಂಡಿಗೆ ಗಂಜಿಯಾಗಿ ನಮ್ಮ ಕಡೆಯ ಗೋಡೆಗುಂಟ ಇಳಿಯಿತು. "ನಿಮ್ ಅತ್ತಿ ರೇಡಿಯೋ ಬ್ಯಾರೆ ದೇಶದ್ದು ಹಿಡಿತದೇನ್ರಿ" ಎಂದು ಶಾಂತಾಬಾಯಿ ನನ್ನನ್ನು ಕೇಳಿದರು. ಆಕಾಶವಾಣಿಯವರ ತಪ್ಪೆಂದು ನಾನು ಖಂಡಿತವಾಗಿ ಹೇಳಿದೆ. ನಾನು ಆರಿಸಿದ ವಾಲ್ವು ತಪ್ಪು ಹೇಳುವುದು ಸಾಧ್ಯವಿರಲಿಲ್ಲ.

ಅದಾದ ಎರಡೋ ಮೂರೋ ದಿನಕ್ಕೆ, ಬೆಳಿಗ್ಗೆ ರೊಟ್ಟಿ ಬಡಿಯುವಾಗ ಎದುರಿನ ಹಿಟ್ಟಿನ ಗಿರಣಿ ಒಮ್ಮೆಲೇ ನಿಂತಿತು. ಕರೆಂಟು ಹೋಗಿತ್ತು. ಉಳಿದ ರೊಟ್ಟಿಗಳನ್ನೆಲ್ಲ ಬಡಿದು ಬೇಯಿಸಿ, ಬೆಂಕಿ ಹಿಂದೆ ಸರಿಸಿ ಪಡಸಾಲೆಗೆ ಬಂದರೆ ಅತ್ತೆಯವರು ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಡಬ್ಬಿಯ ಮೇಲಿನ ವಾಲ್ವು ಕಪ್ಪಗಿತ್ತು. ನಾನು ಹತ್ತಿರ ಕೂತು ಒಂದು ಕಿವಿಯ ಬಟ್ಟಲು ಸರಿಸಿ, "ಏನು ಬರಾಕತ್ತದರಿ ಅತ್ತಿ?" ಎಂದು ಕೂಗಿದೆ.

"ವಚನ. ಭಾಳ ಛಂದ ಹಾಡಾಕತ್ತಾಳ."

"ಕರೆಂಟ್ ಹೋಗ್ಯದರಿ."

ಅವರು ಕಣ್ಣು ತೆರೆದು ವಾಲ್ವನ್ನು ನೋಡಿದರು. ಸೆರಗು ಸರಿಮಾಡಿಕೊಂಡರು. "ಯಾವಾಗ ಹೋಯ್ತು?"

"ಅರ್ಧಾ ತಾಸ ಆತ್ರಿ."

"ಹಂಗಾದ್ರ ಭಾಳ ಹೊತ್ತು ಹಾಡ್ಯಾಳ ಬಿಡು, ಪಾಪ."

ಹಾಗಾದರೆ ಇದರಲ್ಲಿ ಏನೂ ಕೇಳುವುದಿಲ್ಲವೇ ಎಂದು ಕೇಳಿದೆ. "ಗುಜುಗುಜು ಕೇಳಸ್ತದ. ಯಾರೋ ಕಂಬಳಿ ಹೊದ್ಕೊಂಡು ಮಾತಾಡಿದಂಗ." ಮತ್ತೆ ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ ಬಹಳ ಹೊತ್ತು ಹೆಡ್‌ಫೋನಿನ ವಾಯರನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ನಿನ್ ತವರಿಂದು ಅಂದಿದ್ದಿ. ನಮ್ಮತ್ತಿ ನನ್ ತವರಿಂದ ಬಂದ ಒಂದು ಬದನಿಕಾಯಿಗೂ ಹೆಸರಿಡದ ಬಿಡತಿದ್ದಿಲ್ಲ. ನಮ್ಮವ್ವ ಉಡಿ ತುಂಬಿ ಕಳಿಸಿದ ಅಕ್ಕಿಯೊಳಗ ಹುಳ ಹುಡುಕ್ತಿದ್ಲು, ನಾ ಮುಂದ ನಿಂತಿರ್ತಿದ್ದೆ. ನೀ ಈ ಮನಿ ಹೊಸ್ತಿಲಾ ದಾಟಿದ ದಿನಾನೇ ಅನ್ಕೊಂಡೆ, ಆಕಿ ತವರಿಂದ ಬಂದದ್ದಕ್ಕ ಒಂದು ಮಾತು ಅನಬಾರದು ಅಂತ."

"ಅದು ತವರಿಂದ ಬಂದದ್ದಲ್ರಿ. ಮೆಹಬೂಬಸಾಬರು ಕೊಟ್ಟದ್ದು."

"ನೀ ಹೇಳುವಾಗ ತವರಿಂದ ಬಂದಂಗೇ ಹೇಳಿದ್ದಿ" ಎಂದರು.

ಅದು ನಿಜ. ಕರೆಂಟು ಬಂದ ಕೂಡಲೇ ಬಿಳಿ ದಾರದ ವಾಲ್ವು ಹಚ್ಚಿದೆ. ಕೆಂಪಾಯಿತು. ಅತ್ತೆಯವರ ಹುಬ್ಬು ಮೇಲೇರಿತು, ಬೆನ್ನು ನೆಟ್ಟಗಾಯಿತು. "ಕೆಮ್ಮಿದ್ಲು ನೋಡು ಆಕಿ" ಎಂದರು. ಸುದ್ದಿ ಓದುವವಳು ಕೆಮ್ಮಿದ್ದೂ ಅವರಿಗೆ ಕೇಳಿತ್ತು. ಆ ಹೊತ್ತಿನ ಅವರ ಮುಖವನ್ನು ನಾನು ಎಲ್ಲಿಯೂ ವಿವರಿಸಿ ಹೇಳಲಾರೆ. ಮರುದಿನ ಕಟ್ಟೆಯ ಸುದ್ದಿಗಳಲ್ಲಿ ಜಗಳಗಳು ಮತ್ತೆ ಹತ್ತಿಕೊಂಡವು, ಭೀಮೆಗೆ ನೀರಿನ ಮಾತೇ ಇರಲಿಲ್ಲ, ಶಾಂತಾಬಾಯಿ ಹವಾಮಾನವನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಹೊಸದಾಗಿ ಸಂಡಿಗೆ ಹಾಕಿದರು.

ಆಳಂದದ ವಾಲ್ವನ್ನು ವಾಪಸು ಕೊಡಬೇಕಿತ್ತು. ಮೆಹಬೂಬಸಾಬರ ಅಂಗಡಿಯ ದಾರಿ ನನಗೆ ಆ ಬೇಸಿಗೆಯಿಡೀ ನೆನಪಾಗಲಿಲ್ಲ. ಅದನ್ನು ಹತ್ತಿಯಲ್ಲಿ ಸುತ್ತಿ ಹೊಲಿಗೆಯ ಡಬ್ಬಿಯಲ್ಲಿ ಇಟ್ಟಿದ್ದೆ. ಅತ್ತೆಯವರು ಮಧ್ಯಾಹ್ನ ಅಡ್ಡಾದ ಮೇಲೆ ಬಿಳಿ ದಾರದ್ದನ್ನು ತೆಗೆದು ಕೆಂಪು ದಾರದ್ದನ್ನು ಇಳಿಸುವುದು, ಬೇವಿನ ನೆರಳಿನಲ್ಲಿ ಕೂತು ಒಂದು ತಾಸು ಆಳಂದಕ್ಕೆ ಹೋಗಿಬರುವುದು, ಅವರು ಏಳುವ ಮೊದಲು ಗಾಜು ತಣ್ಣಗಾಗಿಸಿ ಮತ್ತೆ ಬದಲಿಸುವುದು. ಕೆಟ್ಟ ಕೆಲಸವೇನಲ್ಲ. ಆದರೂ ಬಾಗಿಲು ಸದ್ದಾದರೆ ಹೊಲಿಗೆಯ ಡಬ್ಬಿಯನ್ನು ಸೆರಗಿನಡಿ ಎಳೆದುಕೊಳ್ಳುತ್ತಿದ್ದೆ.

ಒಂದು ಸಲ ಬದಲಿಸುವುದು ಮರೆತೆ. ಮರುದಿನ ಬೆಳಿಗ್ಗೆ ಅತ್ತೆಯವರು ಹೆಡ್‌ಫೋನು ಹಾಕಿಕೊಂಡು, ದೀಪ ಕೆಂಪಾಗುವವರೆಗೆ ಕಾದು, ಒಂದು ನಿಮಿಷ ಕೇಳಿ ನನ್ನನ್ನು ಕರೆದರು. "ನಿನ್ನಿ ಮಧ್ಯಾಹ್ನದ್ದು ಹಂಗೇ ಬಿಟ್ಟೀಯಲ್ಲ ಬೇ." ನಾನು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡೆ. ಎಷ್ಟು ದಿನದಿಂದ ಗೊತ್ತಿತ್ತೋ ಕೇಳುವ ಧೈರ್ಯವಾಗಲಿಲ್ಲ. "ಬದಲಿ ಮಾಡ್ತೇನ್ರಿ" ಎಂದು ಮುಂದೆ ಬಂದರೆ ಅವರು ಹೆಡ್‌ಫೋನು ತೆಗೆದು ನನ್ನ ತಲೆಯ ಮೇಲೆ ಇಟ್ಟರು. "ಇವತ್ತೊಂದು ದಿನ ನೀ ಕೂತು ಕೇಳು. ಕದ್ದು ಯಾಕ ಕೇಳ್ತಿ. ರೊಟ್ಟಿ ನಾ ಬಡೀತೀನಿ."

ಕೂತೆ. ಹಗಲು ಬೆಳಕಿನಲ್ಲಿ, ಪಡಸಾಲೆಯ ನಟ್ಟನಡುವೆ, ಅಪ್ಪಣೆ ಪಡೆದು ಕೇಳಿದೆ. ಯಾರೋ ಎರೆಗೊಬ್ಬರದ ಬಗ್ಗೆ ಮಾತಾಡುತ್ತಿದ್ದರು. ನಿಜ ಹೇಳುತ್ತೇನೆ, ದನಿ ಸ್ವಲ್ಪ ಮಂಕಾಗಿತ್ತು, ಅಲ್ಲಲ್ಲಿ ಗೊರಗೊರ ಎನ್ನುತ್ತಿತ್ತು. ಆಳಂದ ಬರಲೇ ಇಲ್ಲ. ಎರೆಗೊಬ್ಬರ ಮುಗಿಯುವವರೆಗೂ ನಾನು ಕಣ್ಣು ಮುಚ್ಚಿಕೊಂಡು ಕಾದೆ. ಅತ್ತೆಯವರು ಒಲೆಯ ಮುಂದಿನಿಂದ ಇಣುಕಿ, ಹೇಗಿದೆಯೆಂದು ಕೈಸನ್ನೆ ಮಾಡಿದರು.

ನಾನು ನಿಧಾನವಾಗಿ ತಲೆದೂಗಿ, ಭಾಳ ಛಲೋ ಅದರಿ ಎಂದೆ.