ಅತ್ತೆಯವರ ಕುಂಕುಮ, ನನ್ನ ಬ್ರೇಕು

ನಲವತ್ತು ದಾಟಿದ ಗಂಡಸರಿಗೆ ಇದ್ದಕ್ಕಿದ್ದಂತೆ ಒಂದು ಹುಚ್ಚು ಹಿಡಿಯುತ್ತದೆ. ಕೆಲವರು ಗಿಟಾರ್ ಕೊಳ್ಳುತ್ತಾರೆ, ಕೆಲವರು ಹಿತ್ತಲಿನಲ್ಲಿ ಬದನೆಕಾಯಿ ಬೆಳೆದು ಸಿಕ್ಕಸಿಕ್ಕವರಿಗೆಲ್ಲ ಹಂಚುತ್ತಾರೆ. ನಾನು ಸೈಕಲ್ ಕೊಂಡೆ. ಡಾಲಸ್ಸಿನ ನಮ್ಮ ಬಡಾವಣೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರುವುದಕ್ಕೂ ಕಾರೇ ಬೇಕು. ಅಂಥ ಊರಲ್ಲಿ ಸೈಕಲ್ ತಳ್ಳಿಕೊಂಡು ಮನೆಗೆ ಬಂದ ಗಂಡನನ್ನು ಹೆಂಡತಿ ಹೇಗೆ ನೋಡಿದಳೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೋದ ವರ್ಷ ಇದೇ ಉತ್ಸಾಹದಲ್ಲಿ ತಂದ ಟ್ರೆಡ್‌ಮಿಲ್ಲಿನ ಮೇಲೆ ಆಗ ನಮ್ಮ ಒದ್ದೆ ಟವೆಲುಗಳು ಒಣಗುತ್ತಿದ್ದವು.

"ನೋಡಿ, ಒಂದೇ ಒಂದು ಚಾನ್ಸ್" ಅಂದಳು ಸುಧಾ. "ಶನಿವಾರ ಆ ರೈಲ್ ಟ್ರೇಲ್‌ನ ಈ ತುದಿಯಿಂದ ಆ ತುದಿವರೆಗೆ ಹೊಡೀರಿ. ನಾನೂ ಅಮ್ಮನೂ ಕಾರಲ್ಲಿ ಬಂದು ಆ ತುದೀಲಿ ಕಾಯ್ತಿರ್ತೀವಿ. ಮಧ್ಯದಲ್ಲಿ ಫೋನ್ ಮಾಡಿ 'ಬಂದು ಕರ್ಕೊಂಡ್ ಹೋಗೇ' ಅಂದ್ರೋ, ಸೈಕಲ್ ಸೀದಾ ಅಂಗಡಿಗೆ ವಾಪಸ್."

ಈ ದೇಶದ ಅಂಗಡಿಯವರು ಕೊಟ್ಟ ಸಾಮಾನನ್ನು ನಗುನಗುತ್ತಾ ವಾಪಸ್ ತೆಗೆದುಕೊಳ್ಳುವಷ್ಟು ಒಳ್ಳೆಯವರು. ಅದೇ ನನಗೆ ಬಂದ ಕಷ್ಟ. ನನಗೋ ಆ ಸೈಕಲ್ ಮೇಲೆ ಜೀವ. ಹೈಸ್ಕೂಲಿನಲ್ಲಿ ಅಣ್ಣ ಬಿಟ್ಟ ಹಳೇ ಸೈಕಲ್ಲನ್ನೇ ತುಳಿದವನು ನಾನು. ಹೊಸದು, ಅದೂ ನನ್ನದೇ ಆದದ್ದು, ಇದೇ ಮೊದಲು.

ಶನಿವಾರ ಬೆಳಿಗ್ಗೆ ಹೊರಡಬೇಕು, ಅಷ್ಟರಲ್ಲಿ ಮೈಸೂರಿನಿಂದ ಬಂದಿದ್ದ ಅತ್ತೆಯವರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಗ್ಯಾರೇಜಿಗೆ ಬಂದರು. "ಹೊಸ ಗಾಡಿ, ಪೂಜೆ ಮಾಡ್ದೆ ರೋಡಿಗಿಳಿಸ್ತಾರಾ?" ಸರಿ, ಮಾಡಿ ಅಂದೆ. ನಿಂಬೆಹಣ್ಣಿನ ಮೇಲೆ ಕಾರು ಹತ್ತಿದರೆ ಹಣ್ಣು ಅಪ್ಪಚ್ಚಿಯಾಗುತ್ತದೆ. ಸೈಕಲ್ ಹತ್ತಿದರೆ ಹಣ್ಣು ಪುಳಕ್ಕನೆ ಜಾರಿ ಎದುರು ಮನೆಯ ಹುಲ್ಲುಹಾಸಿಗೆ ಹೋಗುತ್ತದೆ. ಕೊನೆಗೆ ಅದನ್ನು ಕಾಲಿನಲ್ಲೇ ತುಳಿದು ಶಾಸ್ತ್ರ ಮುಗಿಸಿದೆ. ಬರೀ ಕುಂಕುಮ ಉದುರಿಹೋಗುತ್ತದೆಂದು ಅತ್ತೆ ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿಕೊಂಡಿದ್ದರು. ಹ್ಯಾಂಡಲ್ಲಿಗೆ ಇಟ್ಟರು. ಆಮೇಲೆ ಒಂದೊಂದು ಚಕ್ರದ ನಟ್ಟನಡುವೆಯೂ ಬೆಳ್ಳಿಯ ತಟ್ಟೆಯ ಹಾಗೆ ಹೊಳೆಯುವ ಜಾಗ ಅವರ ಕಣ್ಣಿಗೆ ಬಿತ್ತು. ಅಲ್ಲಿಗೂ ಧಾರಾಳವಾಗಿ, ಸುತ್ತಲೂ, ಎರಡೂ ಬದಿಗೆ ಇಟ್ಟರು. ನಾನು ಕಣ್ಣು ಮುಚ್ಚಿ ಕೈಮುಗಿದಿದ್ದೆ.

ಟ್ರೇಲ್ ಅಂದರೆ ಹಿಂದೊಮ್ಮೆ ಗೂಡ್ಸ್ ರೈಲು ಓಡುತ್ತಿದ್ದ ದಾರಿ. ಕಂಬಿ ಕಿತ್ತು ಡಾಂಬರು ಹಾಕಿದ್ದಾರೆ. ರೈಲಿಗೆ ಏರು ಹತ್ತುವುದು ಆಗದ ಕೆಲಸವಾದ್ದರಿಂದ ನನ್ನಂಥವರಿಗೆ ಹೇಳಿ ಮಾಡಿಸಿದ ದಾರಿ. ಎರಡೂ ಕಡೆ ಓಕ್ ಮರಗಳು, ಅವು ಮುಗಿದರೆ ಜೊಂಡು ಬೆಳೆದ ಜೌಗು, ಬಿದ್ದ ಮರದ ಮೇಲೆ ಬಿಸಿಲು ಕಾಯಿಸುವ ಆಮೆಗಳು. ಎಂಥ ಸುಖ! ಮೊದಲ ರಸ್ತೆ ಅಡ್ಡ ಬಂದಾಗ ಬ್ರೇಕ್ ಹಿಡಿದೆ ನೋಡಿ, ಅಯ್ಯಯ್ಯಪ್ಪಾ, ಹತ್ತು ಹಂದಿಗಳನ್ನು ಒಟ್ಟಿಗೆ ಹಿಡಿದಂಥ ಕಿರುಚಾಟ. ಜೌಗಿನಲ್ಲಿದ್ದ ಬಕಗಳೆಲ್ಲ ಎದ್ದು ಹಾರಿದವು. ದುರ್ಬೀನು ಹಿಡಿದು ಬೆಳಗಿನಿಂದ ಅವಕ್ಕಾಗಿ ಕಾದಿದ್ದ ಮುದುಕನೊಬ್ಬ ನನ್ನನ್ನು ನೋಡಿದ. ನಾನು "ಸಾರಿ" ಅಂದೆ. ಸೈಕಲ್ ಮಾತ್ರ ನಿಲ್ಲಲಿಲ್ಲ. ಶೂ ನೆಲಕ್ಕೆ ಒರೆಸಿ ನಿಲ್ಲಿಸಿದೆ. ಹೊಸದಲ್ಲವೇ, ಪಳಗಬೇಕು ಎಂದುಕೊಂಡೆ. ಅಲ್ಲಿಂದ ಮುಂದೆ ಬ್ರೇಕ್ ಹಿಡಿದಾಗಲೆಲ್ಲ ಯಾರೋ ಕೊಬ್ಬರಿ ಎಣ್ಣೆ ಕಾಯಿಸುತ್ತಿರುವ ವಾಸನೆ ಬರುತ್ತಿತ್ತು. ಟೆಕ್ಸಸ್ಸಿನ ಕಾಡಿನಲ್ಲಿ ಅದ್ಯಾವ ಮರಕ್ಕೆ ಈ ಪರಿಮಳ ಎಂದು ತಲೆಯೆತ್ತಿ ಹುಡುಕಿದ ಬುದ್ಧಿವಂತ ನಾನು.

ಸೊಂಟ ನೋಯಿತು, ತೊಡೆ ನಡುಗಿತು, ಫೋನ್ ಮಾತ್ರ ಮುಟ್ಟಲಿಲ್ಲ. ಕೊನೆಯಲ್ಲಿ ದಾರಿ ಹಳೇ ರೈಲಿನ ಏರಿಯಿಂದ ಪಾರ್ಕಿಂಗ್ ಜಾಗಕ್ಕೆ ಇಳಿಯುತ್ತದೆ. ಕೆಳಗೆ ಸುಧಾ ಕೈ ಬೀಸುತ್ತಿದ್ದಳು, ಅತ್ತೆ ಉಪ್ಪಿಟ್ಟಿನ ಡಬ್ಬಿ ತೆರೆಯುತ್ತಿದ್ದರು. ನಾನು ಎರಡೂ ಬ್ರೇಕ್ ಹಿಡಿದೆ. ಸೈಕಲ್ ಕಿರುಚುತ್ತಾ ಇಬ್ಬರನ್ನೂ ದಾಟಿ, ಉಪ್ಪಿಟ್ಟನ್ನೂ ದಾಟಿ, ಜೊಂಡಿನೊಳಗೆ ನುಗ್ಗಿ ನಿಂತಿತು. ನಾನು ಸೊಂಟದವರೆಗೆ ಕೆಸರಲ್ಲಿ ಕೂತಿದ್ದೆ. ಕಣ್ಣೆದುರಿಗೇ ಚಕ್ರ. ಬ್ರೇಕು ಗಟ್ಟಿಯಾಗಿ ಹಿಡಿಯಬೇಕಾದ ಆ ಉಕ್ಕಿನ ತಟ್ಟೆಯ ತುಂಬ ಎಣ್ಣೆ, ಕುಂಕುಮ.

"ಸಾಕು ಸಾಕು, ನಾಳೇನೇ ವಾಪಸ್!" ಅಂದಳು ಸುಧಾ.

"ಸುಮ್ನಿರೇ!" ಅಂದರು ಅತ್ತೆ. "ಪೂಜೆ ಮಾಡಿದ್ದಕ್ಕೆ ಕೆಸರಲ್ಲಿ ಹೋಯ್ತು. ಇಲ್ದಿದ್ರೆ ಯಾವ ಕಾರಿಗೆ ಹೋಗಿ ಗುದ್ದುತಿದ್ರೋ ಏನೋ. ಕಾಪಾಡಿದ ಗಾಡೀನ ಯಾರಾದ್ರೂ ವಾಪಸ್ ಕೊಡ್ತಾರಾ? ಏನಂತೀರಿ ನೀವು?"

ಇಬ್ಬರೂ ನನ್ನ ಕಡೆ ನೋಡಿದರು. ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ನನ್ನ ಕೆಲಸವೇ ಕೆಟ್ಟದ್ದು ಯಾಕೆ ಕೆಟ್ಟಿತೆಂದು ಮೂಲ ಕಾರಣ ಹುಡುಕಿ, ಯಾರ ಮುಲಾಜೂ ಇಲ್ಲದೆ ಹೇಳುವುದು. ಇಲ್ಲಿ ಮೂಲ ಕಾರಣ ಕೈಯಲ್ಲಿ ಉಪ್ಪಿಟ್ಟು ಹಿಡಿದು ನಿಂತಿತ್ತು. ನಿಜ ಹೇಳಿದರೆ ಅತ್ತೆಗೆ ನೋವು, ಪವಾಡ ಸುಳ್ಳು, ಸೈಕಲ್ ಅಂಗಡಿಗೆ.

"ಹೌದು ಅತ್ತೆ, ಪೂಜೆ ಮಾಡಿದ್ದು ಒಳ್ಳೇದಾಯ್ತು" ಅಂದೆ.

ಸೈಕಲ್ ಉಳಿಯಿತು. ಸುಧಾ ಒಂದು ಕ್ಷಣ ಚಕ್ರವನ್ನು ನೋಡಿದಳು, ಒಂದು ಕ್ಷಣ ನನ್ನನ್ನು. "ಹಾಗಿದ್ರೆ ಅಮ್ಮ ಇರೋವರೆಗೂ ಪ್ರತಿ ಶನಿವಾರ ಪೂಜೆ ಮಾಡಿಸ್ಕೊಂಡೇ ಹೊರಡಿ" ಅಂದಳು. ಅತ್ತೆಗೆ ಎಲ್ಲಿಲ್ಲದ ಸಂತೋಷ.

ಈಗ ಶನಿವಾರ ಬೆಳಿಗ್ಗೆ ಕೈಮುಗಿದು ನಿಲ್ಲುತ್ತೇನೆ. ಅತ್ತೆ ಎಣ್ಣೆ ಹಚ್ಚಿ ಮುಗಿಸಿದ ಮೇಲೆ ಹೊರಟು, ತಿರುವು ದಾಟಿ, ಯಾರೂ ಇಲ್ಲದ ಕಡೆ ಇಳಿದು, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ತಟ್ಟೆಗಳನ್ನು ತಿಕ್ಕಿ ತಿಕ್ಕಿ ಒರೆಸುತ್ತೇನೆ, ಒಂದು ಕಲೆಯೂ ಉಳಿಯದಂತೆ. ಆಮೇಲೆ ಅತ್ತಿತ್ತ ನೋಡಿ, ಬೆರಳಿಗೆ ಮೆತ್ತಿದ ಕುಂಕುಮವನ್ನು ಹಣೆಗಿಟ್ಟುಕೊಂಡು ಹೊರಡುತ್ತೇನೆ.